‘ಎರಡು ರೂಪಾಯಿ ಸ್ವೀಕರಿಸಲಾಗಿದೆ’: ನಮ್ಮ ಜೆರಾಕ್ಸ್ ಅಂಗಡಿಯ ಸೌಂಡ್ ಬಾಕ್ಸ್

ಹೊಸ ಮೊಬೈಲ್ ಬಂದರೆ ಸಾಕು, ಡಬ್ಬಿ ಬಿಚ್ಚುವುದರಿಂದ ಹಿಡಿದು ಕತ್ತಲಲ್ಲಿ ಫೋಟೊ ಹೇಗೆ ಬರುತ್ತೆ ಅನ್ನುವವರೆಗೆ ಹೇಳುವುದಕ್ಕೆ ಯೂಟ್ಯೂಬಿನಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ನಾಲ್ಕು ದಿನ ಬಳಸಿದ ಫೋನಿಗೆ ಅಷ್ಟು ಮಾತು. ಗಿರಾಕಿ ಫೋನಿನಿಂದ ದುಡ್ಡು ಹಾಕಿದಾಗೆಲ್ಲ ಎಷ್ಟು ಬಂತು ಅಂತ ದಿನಕ್ಕೆ ಇನ್ನೂರು ಸಲ ನನ್ನ ಕಿವಿ ಪಕ್ಕದಲ್ಲೇ ಕೂಗುವ ಸೌಂಡ್ ಬಾಕ್ಸ್ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಿದ್ದು ನಾನು ನೋಡಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಎರಡು ವರ್ಷ ತುಂಬುತ್ತಾ ಬಂತು ಈ ಪೆಟ್ಟಿಗೆ ಜೊತೆ. ಯಾವ ಕಂಪನಿಯದು ಅಂತ ಹೇಳಲ್ಲ, ಬಾಡಿಗೆ ವಿಷಯದಲ್ಲಿ ಅವರ ಮೇಲೆ ನನಗೆ ಸಿಟ್ಟಿದೆ.

ಅಂಗಡಿ ಎಂಥದು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಪೆಟ್ಟಿಗೆ ಬೇಕೋ ಬೇಡವೋ ಅನ್ನುವುದು ಅಂಗಡಿ ಮೇಲೆ ನಿಂತಿದೆ. ಮೈಸೂರಿನ ಸರಸ್ವತಿಪುರಂ ಕಡೆ, ಮಾನಸಗಂಗೋತ್ರಿಯ ಹುಡುಗರು ನಡೆದು ಬರುವಷ್ಟು ದೂರದಲ್ಲಿ, ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಮೆಷಿನ್, ಒಂದು ಕಲರ್ ಪ್ರಿಂಟರ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್, ಒಂದಷ್ಟು ಪೆನ್ನು ಪುಸ್ತಕ. ಇಲ್ಲಿ ಐನೂರು ರೂಪಾಯಿ ಬಿಲ್ ಅಂದರೆ ದೊಡ್ಡ ವ್ಯಾಪಾರ. ಜಾಸ್ತಿ ಬರುವುದು ಎರಡು ರೂಪಾಯಿ, ನಾಲ್ಕು ರೂಪಾಯಿ, ಹತ್ತು ರೂಪಾಯಿ. ಆಧಾರ್ ಕಾರ್ಡಿನ ಒಂದು ಕಾಪಿ ತೆಗೆಸುತ್ತಾರೆ, ಆಮೇಲೆ ಫೋನ್ ತೆಗೆದು, ಆ್ಯಪ್ ತೆರೆದು, ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎರಡು ರೂಪಾಯಿ ಹಾಕುತ್ತಾರೆ. 2016ರಲ್ಲಿ ಯುಪಿಐ ಶುರುವಾಯಿತು. ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾಗಿ ಎಲ್ಲರೂ ಬ್ಯಾಂಕಿನ ಮುಂದೆ ಕ್ಯೂ ನಿಂತೆವು. ಆಗಲೂ ಇದು ಎರಡು ರೂಪಾಯಿಯ ಜೆರಾಕ್ಸಿನವರೆಗೆ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿ ಯುಪಿಐ ವಹಿವಾಟು ದಾಟಿತು. ಆ ಲೆಕ್ಕದಲ್ಲಿ ನಮ್ಮ ಅಂಗಡಿಯ ಎರಡು ರೂಪಾಯಿಗಳೂ ಇವೆ ನೋಡಿ.

ಪೆಟ್ಟಿಗೆ ಇಲ್ಲದ ಕಾಲ ಹೇಗಿತ್ತು ಅಂದರೆ, ಕೈಯೆಲ್ಲ ಟೋನರ್ ಪುಡಿ, ಮೆಷಿನ್ನಿನಲ್ಲಿ ಹಾಳೆ ಸಿಕ್ಕಿಕೊಂಡಿದೆ, ಅಷ್ಟರಲ್ಲಿ ಕೌಂಟರಿನ ಆ ಕಡೆಯಿಂದ "ಅಕ್ಕಾ, ಹಾಕಿದೆ, ಬಂತಾ ನೋಡಿ" ಅಂತ ಐದು ಜನ ಒಟ್ಟಿಗೆ. ಫೋನ್ ಒರೆಸಿಕೊಂಡು ಮೆಸೇಜ್ ನೋಡಬೇಕು. ಬ್ಯಾಂಕಿನ ಮೆಸೇಜ್ ಬರುವಷ್ಟರಲ್ಲಿ ಇನ್ನಿಬ್ಬರು ಬಂದಿರುತ್ತಾರೆ. ಕೊನೆಗೆ "ಸರಿ ಹೋಗಿಪ್ಪಾ" ಅಂದುಬಿಡುತ್ತಿದ್ದೆ. ಇದರಲ್ಲಿ ಎಷ್ಟು ಹೋಯಿತೋ ಲೆಕ್ಕ ಇಟ್ಟಿಲ್ಲ. ಹಳೇ ಸ್ಕ್ರೀನ್‌ಶಾಟ್ ತೋರಿಸುವುದು ಚಿಲ್ಲರೆ ಆಟ. ಅದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಅಸಲಿ ಆ್ಯಪಿನ ಹಾಗೇ ಕಾಣುವ ನಕಲಿ ಆ್ಯಪ್ ಇದೆ, ಅಂಗಡಿ ಹೆಸರು ಹಾಕಿ ಮೊತ್ತ ಹಾಕಿದರೆ ಹಸಿರು ಟಿಕ್ ಬಂದು ಟಿಂಗ್ ಅನ್ನುತ್ತೆ, ದುಡ್ಡು ಮಾತ್ರ ಎಲ್ಲೂ ಹೋಗಿರಲ್ಲ. ನನಗೆ ಹೀಗೆ ಟೋಪಿ ಹಾಕಿದವನು 310 ರೂಪಾಯಿಯ ಕಲರ್ ಪ್ರಿಂಟ್ ತೆಗೆಸಿಕೊಂಡು, "ಥ್ಯಾಂಕ್ಸ್ ಅಕ್ಕ" ಅಂತ ಬೇರೆ ಹೇಳಿ ಹೋಗಿದ್ದ. ಮಾರನೇ ವಾರವೇ ಪೆಟ್ಟಿಗೆ ತರಿಸಿದೆ.

ಕಂಪನಿಯ ಹುಡುಗ ಟೀ ಶರ್ಟ್ ಹಾಕಿಕೊಂಡು ಬಂದ. "ಫ್ರೀ ಮೇಡಂ, ಪೂರ್ತಿ ಫ್ರೀ" ಅಂದ. ಫ್ರೀ ಅಂದರೆ ಮೊದಲ ಮೂರು ತಿಂಗಳು ಒಂದೊಂದು ರೂಪಾಯಿ, ಆಮೇಲೆ ತಿಂಗಳಿಗೆ 125 ಅಂತ ಗೊತ್ತಾಗಿದ್ದು ನಾಲ್ಕನೇ ತಿಂಗಳು ದುಡ್ಡು ಕಟ್ ಆದಾಗ. ಅವನನ್ನು ಬೈದು ಪ್ರಯೋಜನ ಇಲ್ಲ, ಅಷ್ಟು ಹೊತ್ತಿಗೆ ಅವನು ಕೆಲಸ ಬಿಟ್ಟು ಡೆಲಿವರಿಗೆ ಸೇರಿದ್ದ. ಈಗಲೂ ನಮ್ಮ ಬೀದಿಯಲ್ಲಿ ಸಿಗುತ್ತಾನೆ, ಕೈ ಬೀಸುತ್ತಾನೆ. ಆದರೆ ಈ ಬಾಡಿಗೆ ಯಾಕೆ ಅಂತ ಯೋಚನೆ ಮಾಡಿದರೆ ಅರ್ಥ ಆಗುತ್ತೆ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅಂಗಡಿಯವರ ಹತ್ತಿರ ಕಮಿಷನ್ ತಗೊಳ್ಳುವ ಹಾಗಿಲ್ಲ. ಇನ್ನೂರು ಸಲ ಸ್ಕ್ಯಾನ್ ಆದರೂ ಕಂಪನಿಗೆ ನನ್ನಿಂದ ಒಂದು ಪೈಸೆ ಇಲ್ಲ. ಇನ್ನೆಲ್ಲಿಂದ ದುಡಿಯಬೇಕು? ಪೆಟ್ಟಿಗೆ ಬಾಡಿಗೆಯಿಂದ, ಸಾಲದಿಂದ. ವಾರಕ್ಕೆರಡು ಸಲ ಫೋನ್ ಬರುತ್ತೆ, "ಮೇಡಂ, ನಿಮ್ಮ ವ್ಯಾಪಾರ ನೋಡಿದ್ದೇವೆ, ಎಂಬತ್ತು ಸಾವಿರ ಲೋನ್ ರೆಡಿ ಇದೆ." ನನ್ನ ವ್ಯಾಪಾರ ನನಗಿಂತ ಮೊದಲು ಅವರು ನೋಡುತ್ತಾರೆ.

ಇನ್ನು ವಸ್ತುವಿನ ವಿಷಯ. ತೆಂಗಿನಕಾಯಿ ಗಾತ್ರದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಸಿಮ್, ಒಂದು ಬ್ಯಾಟರಿ, ಒಂದು ಸ್ಪೀಕರ್. ನನ್ನ ಫೋನಿಗೂ ಇದಕ್ಕೂ ಸಂಬಂಧ ಇಲ್ಲ, ಇದು ತುಂಬಾ ಒಳ್ಳೆಯದು. ನಾನು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುವ ಹುಡುಗಿಗೆ ನನ್ನ ಫೋನ್ ಕೊಟ್ಟು ಹೋಗಬೇಕಾಗಿಲ್ಲ. ಗಿರಾಕಿಯ ಬ್ಯಾಂಕಿನಿಂದ ನನ್ನ ಬ್ಯಾಂಕಿಗೆ ದುಡ್ಡು ಬಂದ ಮೇಲೆ ಕಂಪನಿಯ ಸರ್ವರ್ ಈ ಸಿಮ್ಮಿಗೆ ಸುದ್ದಿ ಕಳಿಸುತ್ತೆ, ಪೆಟ್ಟಿಗೆ ಅದನ್ನು ಓದಿ ಹೇಳುತ್ತೆ. ನಕಲಿ ಆ್ಯಪ್ ಎಷ್ಟು ಟಿಂಗ್ ಅಂದರೂ ಇದು ಬಾಯಿ ಬಿಡಲ್ಲ. ಇನ್ನೊಂದು ಉಪಯೋಗ ನನಗೆ ಆಮೇಲೆ ಹೊಳೆಯಿತು. ಅಂಗಡಿ ಮುಂದಿನ ಸ್ಕ್ಯಾನರ್ ಮೇಲೆ ರಾತ್ರಿ ಯಾರಾದರೂ ತಮ್ಮ ಸ್ಟಿಕರ್ ಅಂಟಿಸಿ ಹೋದರೆ, ಬೆಳಗ್ಗೆ ಮೊದಲನೇ ಗಿರಾಕಿ ಹಾಕಿದಾಗಲೇ ಗೊತ್ತಾಗುತ್ತೆ, ಯಾಕೆಂದರೆ ಪೆಟ್ಟಿಗೆ ಸುಮ್ಮನಿರುತ್ತೆ. ಬ್ಯಾಟರಿ ನಮ್ಮ ಅಂಗಡಿಯ ಕೂಗಾಟಕ್ಕೆ ಎರಡೂವರೆ ದಿನ ಬರುತ್ತೆ. ಕರೆಂಟ್ ಹೋದರೆ ಮೆಷಿನ್ ನಿಲ್ಲುತ್ತೆ, ಇದು ನಿಲ್ಲಲ್ಲ. ಚಾರ್ಜರ್ ಪಿನ್ ಫೋನಿನದೇ ಆಗುತ್ತೆ.

ಭಾಷೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಂದಾಗ ಇದು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಕನ್ನಡ ಮಾಡಿಕೊಡಪ್ಪಾ ಅಂದರೆ ಆ ಹುಡುಗ ಆ್ಯಪಿನಲ್ಲಿ ಎರಡು ಸಲ ಒತ್ತಿ ಮಾಡಿಕೊಟ್ಟ, ಅಷ್ಟು ಸುಲಭ. ಎಷ್ಟೋ ಅಂಗಡಿಯವರು ಕೇಳುವುದೇ ಇಲ್ಲ, ಬಂದದ್ದು ಬಂದ ಹಾಗೆ ಇಟ್ಟುಕೊಂಡಿದ್ದಾರೆ. ಕೇಳಿ, ಸಿಗುತ್ತೆ. ಆದರೆ ಸಿಗುವ ಕನ್ನಡ ಎಂಥದು? "ಎರಡು ರೂಪಾಯಿ ಸ್ವೀಕರಿಸಲಾಗಿದೆ." ಎರಡು ರೂಪಾಯಿಗೆ ಸ್ವೀಕರಿಸುವುದು ಯಾಕೆ ಸ್ವಾಮಿ, ಇದೇನು ಅರಮನೆಗೆ ಬಂದ ಕಪ್ಪ ಕಾಣಿಕೆಯಾ? "ಎರಡು ರೂಪಾಯಿ ಬಂತು" ಅಂದರೆ ಸಾಕಲ್ವಾ. ಪದವೂ ಚಿಕ್ಕದು, ಮುಂದಿನವರ ಸರದಿಯೂ ಬೇಗ ಬರುತ್ತೆ. ಈ "ಸ್ವೀಕರಿಸಲಾಗಿದೆ" ಮುಗಿಯುವುದರೊಳಗೆ ಇನ್ನೆರಡು ಪೇಮೆಂಟ್ ಬಂದು ಸಾಲಲ್ಲಿ ನಿಂತಿರುತ್ತವೆ. ನೂರರ ಮೇಲಿನ ಅಂಕಿ ಬಂದರೆ ಇನ್ನೂ ಮಜಾ. ನಾವು ನೂರಾ ಇಪ್ಪತ್ತು ಅನ್ನುತ್ತೇವೆ. ಇದು "ಒಂದು, ನೂರು, ಇಪ್ಪತ್ತು" ಅಂತ ಒಂದೊಂದೇ ಇಟ್ಟಿಗೆ ಜೋಡಿಸಿದ ಹಾಗೆ ಹೇಳುತ್ತೆ. ಒಂದು ಸಲ ಒಬ್ಬ ಅಜ್ಜ ಗಾಬರಿಯಾಗಿ, "ತಾಯಿ, ನಾನು ಮೂರು ಸಲ ಕೊಟ್ಬುಟ್ನಾ?" ಅಂತ ಕೇಳಿದ್ದರು.

ಪಕ್ಕದ ಜ್ಯೂಸ್ ಅಂಗಡಿಯದು ಬೇರೆ ಗತ್ತು. ಫೋನ್‌ಪೇಯವರು ಮೊದಲು ಅಮಿತಾಭ್ ಬಚ್ಚನ್ ದನಿ ಹಾಕಿದ್ದರು, ಆಮೇಲೆ ಕನ್ನಡಕ್ಕೆ ಕಿಚ್ಚ ಸುದೀಪ್ ದನಿ ತಂದರು. ಜ್ಯೂಸ್ ಅಂಗಡಿಯವರು ಅದನ್ನು ಹಾಕಿಸಿಕೊಂಡಿದ್ದಾರೆ. ಅರ್ಧ ಲೋಟ ಕಬ್ಬಿನ ಹಾಲಿಗೂ ಸುದೀಪ್ ಬಂದು ಹೇಳಬೇಕು. ಮೊದಮೊದಲು ಹುಡುಗರು ಅದನ್ನು ಕೇಳುವುದಕ್ಕೇ ಒಂದೊಂದು ರೂಪಾಯಿ ಹಾಕಿ ವಿಡಿಯೊ ಮಾಡಿಕೊಳ್ಳುತ್ತಿದ್ದರು. ವಾರ ಕಳೆದ ಮೇಲೆ ಯಾರೂ ತಲೆ ಎತ್ತಿಯೂ ನೋಡಲಿಲ್ಲ. ನನ್ನದು ಯಾವುದೋ ಹೆಂಗಸಿನ ದನಿ, ಸಿಟ್ಟಿಲ್ಲ, ನಗುವಿಲ್ಲ. ಅದೇ ಮೇಲು. ಎರಡು ರೂಪಾಯಿಗೆ ಹೀರೊ ಬೇಡ.

ಜೆರಾಕ್ಸ್ ಅಂಗಡಿಯಲ್ಲಿ ಕೂತರೆ ಇಂಟರ್ನೆಟ್ಟಿನಲ್ಲಿ ಏನು ನಡೆಯುತ್ತಿದೆ ಅಂತ ನ್ಯೂಸ್ ನೋಡದೇ ಗೊತ್ತಾಗುತ್ತೆ, ಇದು ಸ್ವಲ್ಪ ದಾರಿ ಬಿಟ್ಟ ಮಾತು. 2025ರ ಮಾರ್ಚ್ ಕೊನೆಯಲ್ಲಿ ಎಲ್ಲರೂ ತಮ್ಮ ಫೋಟೊವನ್ನು ಚಾಟ್‌ಜಿಪಿಟಿಗೆ ಕೊಟ್ಟು ಜಪಾನಿನ ಘಿಬ್ಲಿ ಕಾರ್ಟೂನಿನ ಹಾಗೆ ಮಾಡಿಸಿಕೊಂಡರಲ್ಲ, ಅವಾಗ ಮದುವೆ ಫೋಟೊ, ತೀರಿಕೊಂಡ ತಾತನ ಫೋಟೊ ಎಲ್ಲ ದೊಡ್ಡ ಕಣ್ಣಿನ ಕಾರ್ಟೂನಾಗಿ ನನ್ನ ಪ್ರಿಂಟರಿಗೆ ಬಂದವು. ಸೆಪ್ಟೆಂಬರಿನಲ್ಲಿ ಗೂಗಲ್‌ನ ಜೆಮಿನಿಗೆ ಫೋಟೊ ಕೊಟ್ಟು ಸೀರೆ ಉಡಿಸಿಕೊಳ್ಳುವುದು ಶುರುವಾಯಿತು. ನನಗೆ ಲಾಭವೇ, ಗ್ಲಾಸಿ ಹಾಳೆ ಮೂರು ಪ್ಯಾಕೆಟ್ ಖಾಲಿ. ಅಸೈನ್‌ಮೆಂಟುಗಳ ಕಥೆ ಕೇಳಲೇಬೇಡಿ. ಒಬ್ಬ ಹುಡುಗ ನಲವತ್ತಾರು ಪುಟ ಕಳಿಸಿದ್ದ, ಮೊದಲ ಪುಟದ ಮೊದಲ ಸಾಲೇ "ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ" ಅಂತ ಇತ್ತು. ಪ್ರಿಂಟ್ ಕೊಡುವ ಮೊದಲು ಕರೆದು ಬೆರಳಿಟ್ಟು ತೋರಿಸಿದೆ. ಅವನ ಮುಖ ನೋಡಬೇಕಿತ್ತು. ಆ ಒಂದು ಪುಟ ಮತ್ತೆ ತೆಗೆಸಿ, ಬೇಗ ದುಡ್ಡು ಹಾಕಿ, ಪೆಟ್ಟಿಗೆ ಕೂಗುವುದಕ್ಕೂ ಕಾಯದೆ ಓಡಿದ.

ಪೆಟ್ಟಿಗೆಯ ನಿಜವಾದ ತೊಂದರೆ ಅದು ಕೂಗದೇ ಇದ್ದಾಗ. ಎರಡು ವರ್ಷದಲ್ಲಿ ನಮಗೆಲ್ಲ ಅದು ಎಷ್ಟು ಅಭ್ಯಾಸ ಆಗಿಬಿಟ್ಟಿದೆ ಅಂದರೆ, ಅದು ಹೇಳಿದರೆ ಬಂತು, ಹೇಳದಿದ್ದರೆ ಬರಲಿಲ್ಲ. ಗಿರಾಕಿಗಳೂ ಹಾಗೇ, ಫೋನಿನಲ್ಲಿ ಟಿಕ್ ಬಂದಿದ್ದರೂ ಅದು ಮಾತಾಡುವವರೆಗೆ ಅಲ್ಲೇ ನಿಲ್ಲುತ್ತಾರೆ. ಪರೀಕ್ಷೆ ಸಮಯ, ಒಬ್ಬಳು ಎಂಎ ಹುಡುಗಿ ಡಿಸರ್ಟೇಷನ್ ಬೈಂಡಿಂಗ್ ಮಾಡಿಸಿದ್ದಳು, 184 ರೂಪಾಯಿ. ಹಾಕಿದಳು. ಪೆಟ್ಟಿಗೆ ಸುಮ್ಮನೆ. ಅವಳ ಫೋನಿನಲ್ಲಿ ಟಿಕ್ ಇದೆ. 310 ರೂಪಾಯಿಯವನ ನೆನಪು ನನ್ನ ತಲೆಯಲ್ಲಿ ಇನ್ನೂ ಬಿಸಿಬಿಸಿ. "ಸ್ವಲ್ಪ ನಿಲ್ಲಮ್ಮ" ಅಂದೆ. ಐದು ನಿಮಿಷ, ಹತ್ತು ನಿಮಿಷ. ನನ್ನ ಫೋನ್ ನೋಡೋಣ ಅಂದರೆ ಅವತ್ತು ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆ, ಪೆಟ್ಟಿಗೆ ಇದೆಯಲ್ಲ ಅನ್ನುವ ಧೈರ್ಯ. ಕೊನೆಗೆ ಅವಳ ನಂಬರ್ ಬರೆದುಕೊಂಡು ಕಳಿಸಿದೆ. ಸಂಜೆ ಮನೆಗೆ ಹೋಗಿ ನೋಡಿದರೆ ಆ 184 ಸರಿಯಾದ ಹೊತ್ತಿಗೇ ಬಂದು ಕೂತಿದೆ. ಪೆಟ್ಟಿಗೆಯ ಸಿಮ್ಮಿಗೆ ನೆಟ್‌ವರ್ಕ್ ಇರಲಿಲ್ಲ, ಅಷ್ಟೇ. ಮಾರನೇ ದಿನ ಆ ಹುಡುಗಿ ಅದೇ ದಾರಿಯಲ್ಲಿ ಹೋಗುತ್ತಿದ್ದಳು. ಕರೆದು "ತಪ್ಪಾಯ್ತಮ್ಮ, ದುಡ್ಡು ಬಂದಿತ್ತು" ಅಂದೆ, ಒಂದು ಪೆನ್ನು ಕೊಡುವುದಕ್ಕೆ ಹೋದೆ. "ಪರವಾಗಿಲ್ಲ ಅಕ್ಕ" ಅಂದಳು. ಪೆನ್ನು ತಗೊಳ್ಳಲಿಲ್ಲ. ಆಮೇಲೆ ಅಂಗಡಿಗೂ ಬಂದಿಲ್ಲ.

ನೆಟ್‌ವರ್ಕ್ ಹೋದಾಗ ಕೆಲವು ಸುದ್ದಿ ಪೂರ್ತಿ ಮಾಯ, ಕೆಲವು ತಡವಾಗಿ ಬರುತ್ತವೆ. ಒಂದು ದಿನ ಚಾರ್ಜಿಗೆ ಅಂತ ಪೆಟ್ಟಿಗೆಯನ್ನು ಮನೆಗೆ ತಂದಿದ್ದೆ. ರಾತ್ರಿ ಹನ್ನೊಂದು ಗಂಟೆ, ಎಲ್ಲರೂ ಮಲಗಿದ್ದಾರೆ, ಅಡುಗೆಮನೆಯಿಂದ "ಹದಿನಾಲ್ಕು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಜೋರಾಗಿ ಹೆಂಗಸಿನ ದನಿ. ನಮ್ಮ ಅತ್ತೆ ಎದ್ದು ಕೂತು, "ಈ ಹೊತ್ತಲ್ಲಿ ಯಾರೇ ಅದು ಜೆರಾಕ್ಸ್ ತೆಗ್ಸಿದ್ದು?" ಅಂದರು. ಮನೆಗೆ ತರುವವರು ಸ್ವಿಚ್ ಆಫ್ ಮಾಡಿ ತನ್ನಿ.

2025ರ ಏಪ್ರಿಲ್ 12, ಶನಿವಾರ ದೇಶದಾದ್ಯಂತ ಯುಪಿಐ ಕೈಕೊಟ್ಟಿತಲ್ಲ, ಅದರಲ್ಲಿ ಪೆಟ್ಟಿಗೆಯ ತಪ್ಪೇನೂ ಇರಲಿಲ್ಲ. ಆ ದಿನ ನಾನು ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸಿದರೆ ಒಟ್ಟು ಹದಿನೆಂಟು ರೂಪಾಯಿ ಇತ್ತು. ಗಿರಾಕಿಗಳ ಜೇಬಿನಲ್ಲಿ ಅದೂ ಇಲ್ಲ. ಸಾಲ ಬರೆದುಕೊಂಡ ಪುಸ್ತಕ ಇನ್ನೂ ಇದೆ. ಒಬ್ಬರು ಬಿಟ್ಟು ಎಲ್ಲರೂ ತಂದುಕೊಟ್ಟರು.

ಇಂಥದ್ದೊಂದು ಆದ ಮೇಲೆ ವಾಟ್ಸ್ಆ್ಯಪಿನಲ್ಲಿ ಶುರುವಾಗುವ ಸುದ್ದಿಗಳಿಗೆ ಲೆಕ್ಕವೇ ಇಲ್ಲ. ಅದೇ ಏಪ್ರಿಲಿನಲ್ಲಿ ಎರಡು ಸಾವಿರದ ಮೇಲಿನ ಯುಪಿಐಗೆ ಜಿಎಸ್‌ಟಿ ಅಂತ ಹಬ್ಬಿತು. ಹಣಕಾಸು ಸಚಿವಾಲಯವೇ ಹಾಗೇನಿಲ್ಲ ಅಂತ ಹೇಳಬೇಕಾಯಿತು. ಅಕ್ಟೋಬರ್ 1ರ ಮುಂಚೆ ಯೂಟ್ಯೂಬಿನಲ್ಲಿ ಕೆಂಪು ಬಾಣ, ಬಾಯಿ ತೆರೆದ ಮುಖ, "ನಾಳೆಯಿಂದ ಫೋನ್‌ಪೇ ಗೂಗಲ್‌ಪೇ ಬಂದ್!" ಒಳಗೆ ಹೋಗಿ ಹತ್ತು ನಿಮಿಷ ನೋಡಿದರೆ ವಿಷಯ ಇಷ್ಟೇ: ಒಬ್ಬರು ಇನ್ನೊಬ್ಬರಿಗೆ "ದುಡ್ಡು ಕಳಿಸು" ಅಂತ ಆ್ಯಪಿನಿಂದ ಕೋರಿಕೆ ಕಳಿಸುವ ಸೌಲಭ್ಯವನ್ನು ನಿಲ್ಲಿಸಿದ್ದರು, ಅದನ್ನು ಇಟ್ಟುಕೊಂಡು ಮೋಸ ಮಾಡುವವರು ಜಾಸ್ತಿಯಾಗಿದ್ದರು ಅಂತ. ಅಂಗಡಿಗೂ ಸ್ಕ್ಯಾನರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಅವತ್ತು ಬೆಳಗ್ಗೆ ಬಂದ ಮೇಷ್ಟ್ರೊಬ್ಬರು ಐನೂರರ ನೋಟು ಹಿಡಿದು ನಿಂತಿದ್ದರು, ನಾಲ್ಕು ರೂಪಾಯಿ ಜೆರಾಕ್ಸಿಗೆ. ಅಷ್ಟರಲ್ಲೇ ಪೆಟ್ಟಿಗೆ ಬೇರೆ ಯಾರದೋ "ಆರು ರೂಪಾಯಿ" ಅಂತ ಕೂಗಿತು. ಮೇಷ್ಟ್ರು ನೋಟು ಒಳಗಿಟ್ಟು ಫೋನ್ ತೆಗೆದರು. ಟೆಕ್ ನ್ಯೂಸ್ ಚಾನೆಲ್ಲಿಗಿಂತ ನನ್ನ ಪೆಟ್ಟಿಗೆಯೇ ವಾಸಿ.

ಮಂಡ್ಯದಲ್ಲಿ ನಮ್ಮಣ್ಣನದು ಎಳನೀರು ಗಾಡಿ, ಮದ್ದೂರು ಮಾರುಕಟ್ಟೆಯಿಂದ ಕಾಯಿ ತಂದು ಹಳೇ ಹೆದ್ದಾರಿ ಬದಿ ಮಾರುತ್ತಾನೆ. ಅವನಿಗೂ ಒಂದು ಪೆಟ್ಟಿಗೆ ಕೊಡಿಸಿದೆ. ಬಿಸಿಲಿಗೆ ಅದರ ಬಣ್ಣ ಹೋಗಿದೆ, ಎಳನೀರು ಚಿಮ್ಮಿ ಅಂಟಂಟಾಗಿದೆ, ಆದರೂ ಕೂಗುತ್ತೆ. ಲಾರಿ ಸದ್ದಿನಲ್ಲಿ ಕೇಳಿಸಬೇಕಲ್ಲ, ಅವನದು ಯಾವಾಗಲೂ ಪೂರ್ತಿ ವಾಲ್ಯೂಮು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಸುದ್ದಿ ಬಂತು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ಆ ಬೋರ್ಡಿನ ಫೋಟೊ ನಮ್ಮಣ್ಣನ ಫೋನಿಗೂ ಬಂತು ನೋಡಿ, ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಗಾಡಿ ಕೆಳಗೆ ತಳ್ಳಿಬಿಟ್ಟ. ನಾನು ಫೋನ್ ಮಾಡಿ, "ಎಳನೀರಿಗೆ ಜಿಎಸ್‌ಟಿಯೇ ಇಲ್ಲ ಕಣಣ್ಣ, ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ತಾನೇ ನೋಂದಣಿ" ಅಂದರೆ, "ನಂಗೊತ್ತು ಕಣವ್ವ, ಆದ್ರೆ ಅದು ಊರಿಗೆಲ್ಲಾ ಕೇಳಂಗೆ ಕೂಕ್ಕತದಲ್ಲ" ಅಂದ. ಆ ತಿಂಗಳೇ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ ಹಳೇ ಬಾಕಿ ಕೇಳಲ್ಲ ಅಂದ ಮೇಲೆ ಪೆಟ್ಟಿಗೆ ಗೋಣಿಯಿಂದ ಹೊರಗೆ ಬಂತು. ಆ ಹತ್ತು ದಿನದಲ್ಲಿ ಕಾರಿನವರು ಎಷ್ಟು ಜನ ಕ್ಯಾಶ್ ಇಲ್ಲ ಅಂತ ಹಾಗೇ ಹೋದರು ಅಂತ ಈಗಲೂ ಹೇಳಿಕೊಳ್ಳುತ್ತಾನೆ.

ಸರ್ವಿಸ್ ಬಗ್ಗೆ ಎರಡೇ ಮಾತು. ಕೆಟ್ಟದಾಗಿದೆ. ಚಾರ್ಜ್ ಆಗುವ ಜಾಗ ಸಡಿಲ ಆಗಿತ್ತು, ಆ್ಯಪಿನಲ್ಲಿ ದೂರು ಕೊಟ್ಟರೆ ಒಂದು ಬಾಟ್ ಬಂದು "ನಿಮ್ಮ ಸಮಸ್ಯೆ ಬಗೆಹರಿದಿದೆಯೇ?" ಅಂತ ಕೇಳುತ್ತೆ. ಇಲ್ಲ ಅಂತ ಒತ್ತಿದರೆ ಮತ್ತೆ ಮೊದಲಿಂದ ಅದೇ ಪ್ರಶ್ನೆ. ಹನ್ನೆರಡನೇ ದಿನಕ್ಕೆ ಮನುಷ್ಯ ಬಂದ. ಆ ಹನ್ನೆರಡು ದಿನದ ಬಾಡಿಗೆ ಮಾತ್ರ ಒಂದು ಪೈಸೆ ಬಿಡದೆ ಕಟ್ ಆಗಿತ್ತು. ವಾಪಸ್ ಕೊಡುತ್ತೇನೆ ಅಂದಾಗ ಮಾತ್ರ ಅರ್ಧ ಗಂಟೆಯಲ್ಲಿ ಫೋನ್ ಬಂತು, ಬಾಡಿಗೆಯನ್ನು 99ಕ್ಕೆ ಇಳಿಸಿದರು. ನಿಮಗೂ ಜಾಸ್ತಿ ಕಟ್ ಆಗುತ್ತಿದ್ದರೆ ಒಂದು ಸಲ ಹಾಗೆ ಹೇಳಿ ನೋಡಿ.

ಹಾಗಾದರೆ ತಗೋಬೇಕಾ? ದಿನಕ್ಕೆ ಐವತ್ತಕ್ಕಿಂತ ಜಾಸ್ತಿ ಜನ ಸ್ಕ್ಯಾನ್ ಮಾಡುವ ಅಂಗಡಿಯಾದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಹತ್ತು ಜನ ಬರುವ ಟೈಲರ್ ಅಂಗಡಿಗೆ ಬೇಡ, ಫೋನ್ ನೋಡಿಕೊಂಡರೆ ಸಾಕು. ಹಾಕಿಸುವಾಗ ಬಾಡಿಗೆ ಎಷ್ಟು, ಯಾವ ತಿಂಗಳಿಂದ ಅಂತ ಆ ಹುಡುಗನ ಕೈಯಲ್ಲೇ ಬರೆಸಿಕೊಳ್ಳಿ.

ಒಂದು ಮಾತು ಮರೆತಿದ್ದೆ. ನಮ್ಮ ಅಂಗಡಿಯ ಕಟ್ಟಡದ ಓನರ್ ಸಂಜೆ ಹೊತ್ತು ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಹಿರಿಯರು, ಒಳ್ಳೆಯವರು, ವರ್ಷಗಳಿಂದ ಹಾಗೇ. ಈ ಸಲ ಅಗ್ರಿಮೆಂಟ್ ಮುಗಿದಾಗ ಬಾಡಿಗೆ ಒಂದೂವರೆ ಸಾವಿರ ಏರಿಸಿದರು. ವ್ಯಾಪಾರ ಅಷ್ಟಕ್ಕಷ್ಟೇ ಸಾರ್, ಹುಡುಗರೆಲ್ಲ ಪಿಡಿಎಫ್‌ನಲ್ಲೇ ಓದುತ್ತಾರೆ ಅಂತ ನಾನು ಶುರು ಮಾಡಿದೆ. ಅವರು ಕನ್ನಡಕ ತೆಗೆದು, "ಅಲ್ಲಮ್ಮ, ನಿನ್ನೆ ಆರರಿಂದ ಏಳರವರೆಗೆ 412 ರೂಪಾಯಿ ಆಯ್ತಲ್ಲ" ಅಂದರು. ಪೆಟ್ಟಿಗೆ ಕೂಗಿದ್ದನ್ನೆಲ್ಲ ಪೇಪರಿನ ಅಂಚಲ್ಲಿ ಕೂಡಿಸಿದ್ದರು. ಅದೇ ದಿನ ವಾಲ್ಯೂಮನ್ನು ಎರಡಕ್ಕೆ ಇಳಿಸಿದೆ. ಅವರ ಕುರ್ಚಿ ಈಗ ಒಂದು ಮಾರು ಒಳಗೆ ಬಂದಿದೆ.